ಎಡಗಡೆಯ ಬಾಗಿಲು

ಪೂಜೆಗೆ ಕುಳಿತ ಶಟ್ಟೆಪ್ಪನಿಗೆ ಆ ದಿನ ಬೆಳಿಗ್ಗೆಯೂ ಅಂಗೈಯಲ್ಲಿದ್ದ ಲಿಂಗದಲ್ಲಿ ಕಾರು ಕಂಡಿತು. ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಕಿಟಕಿಯ ಬೆಳಕು ಲಿಂಗದ ಕರಿಯ ಮೈಮೇಲೆ ಸಾಸಿವೆಯಷ್ಟು ಬಿಂದುವಾಗಿ ನಿಲ್ಲುವಂತೆ ಕೈಯನ್ನು ತುಸು ಓರೆ ಮಾಡಿ, ಆ ಬಿಂದುವಿನಲ್ಲಿ ರೆಪ್ಪೆ ಬಡಿಯದೆ ಕಣ್ಣಿಡಬೇಕು. ಅಪ್ಪ ಕಲಿಸಿದ ಪದ್ಧತಿ. ಮೀಸೆ ಮೂಡುವ ಮೊದಲಿನಿಂದ ಹಾಗೆಯೇ ನಡೆದು ಬಂದಿತ್ತು. ಈಗ ನೋಡನೋಡುತ್ತಲೇ ಬಿಂದು ಅಗಲವಾಗಿ, ಬೆನ್ನು ಬಾಗಿದ ಕರಿಯ ಬಾನೆಟ್ಟಾಗಿ, ಅದರ ಮೇಲೆ ಬೇವಿನ ಗಿಡದ ನೆರಳು ಆಡತೊಡಗಿತು. ಎಂಥ ಹೊಳಪು ಎಂದು ಮನಸ್ಸು ತನ್ನಷ್ಟಕ್ಕೆ ಹಿಗ್ಗಿತು. ಹಿಗ್ಗಿದ್ದು ತಿಳಿದೊಡನೆ ಅವನು ಹೆದರಿ, ತುಟಿಯಲ್ಲಿದ್ದ ಪಂಚಾಕ್ಷರಿಯನ್ನು ಜೋರು ಮಾಡಿದ. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ತಮ್ಮನ ಹೆಂಡತಿ ಕೃಷ್ಣವ್ವನ ಕೈ ಒಂದು ಗಳಿಗೆ ನಿಂತು ಮತ್ತೆ ಬಡಿಯತೊಡಗಿತು. ಅವಳಿಗೂ ತಿಳಿದಿರಬೇಕು, ಭಾವನವರ ಧ್ವನಿ ಏರಿದರೆ ಧ್ಯಾನ ತಪ್ಪಿದೆ ಎಂದು. ಲಿಂಗದ ಒಳಗಿನ ಕಲ್ಲಿಗೆ ಭಸ್ಮ, ಎಣ್ಣೆ ಕಲಸಿದ ಮೇಣವನ್ನು ಮೆತ್ತಿ, ಒಣಗಿಸಿ, ತಿಕ್ಕಿ ತಿಕ್ಕಿ ಹೊಳಪು ತರುತ್ತಾರೆ. ಆ ಕರಿಯ ಕವಚಕ್ಕೆ ಕಂತಿ ಎನ್ನುತ್ತಾರೆ. ಕಂತಿ ಕಟ್ಟುವುದು ಎಲ್ಲರ ಕೈಗೆಲಸವಲ್ಲ. ಈ ಸೀಮೆಯಲ್ಲಿ ಅದನ್ನು ಚೆನ್ನಾಗಿ ಬಲ್ಲವರು ದೊಡವಾಡದ ಮುಪ್ಪಿನ ಅಯ್ಯನವರು. ದೊಡವಾಡ ಎಂಬ ಹೆಸರು ಮನಸ್ಸಿಗೆ ಬಂದದ್ದೇ ತಡ, ಶಟ್ಟೆಪ್ಪ ಲಿಂಗವನ್ನು ಕಣ್ಣಿಗೊತ್ತಿಕೊಂಡು, ಬಟ್ಟೆಯಲ್ಲಿ ಸುತ್ತಿ, ಕರಡಿಗೆಯಲ್ಲಿಟ್ಟು ಮುಚ್ಚಿದ. ಬೆಳ್ಳಿಯ ಮುಚ್ಚಳ ಟಕ್ಕೆಂದಿತು. ಕಾರಿನ ಬಾಗಿಲು ಮುಚ್ಚಿದ ಹಾಗೆ ಎನಿಸಿ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಇಂದು ಬಣ್ಣ ಹೊಡೆಯುವ ಬುಡನಸಾಬನಿಗೆ ಉತ್ತರ ಹೇಳಬೇಕು. ಆಸ್ಟಿನ್ ಕಾರಿನ ಇಂಜಿನ್ನು, ಬ್ರೇಕು, ಒಳಗಿನ ಗಾದಿಯ ದುರಸ್ತಿ ಎಲ್ಲ ಎಂದೋ ಮುಗಿದಿದೆ, ಕಾರು ಓಡುತ್ತದೆ. ಬಣ್ಣ ಒಂದೇ ಉಳಿದಿದೆ. ಡ್ಯೂಕೋ ಹೊಡೆಯುವುದೋ, ಎನಾಮಲ್ ಹೊಡೆಯುವುದೋ? ಡ್ಯೂಕೋ ಎಂದರೆ ಗನ್ನಿನಿಂದ ಸಿಂಪಡಿಸಿ, ಒಣಗಿದ ಮೇಲೆ ನೀರು ಹಾಕಿ ಉಜ್ಜುವ ಉಸುಕುಕಾಗದದಿಂದ ತಿಕ್ಕಿ, ಮತ್ತೆ ಹೊಡೆದು, ಮತ್ತೆ ತಿಕ್ಕಿ, ಕಡೆಗೆ ಪಾಲಿಶ್ ಹಾಕಿದರೆ ಬಾವಿಯ ನೀರಿನಂತೆ ಒಳಗೊಳಗೆ ಇಳಿದು ಹೋಗುವ ಹೊಳಪು. ಆದರೆ ರಸ್ತೆಯ ಒಂದು ಖಡಿಕಲ್ಲು ಸಿಡಿದು ಬಡಿದರೂ ಚೆಕ್ಕೆ ಏಳುತ್ತದೆ, ಬಿಸಿಲಿಗೆ ಬಿಟ್ಟರೆ ಬಿರಿಯುತ್ತದೆ. ಎನಾಮಲ್ ಮಂದ ಹೊಳಪಿನದು, ಮೇಲೆಯೇ ನಿಲ್ಲುವಂಥದು. ಆದರೆ ಗಟ್ಟಿ, ಧೂಳು, ಕಲ್ಲು, ಮಳೆ ಎಲ್ಲ ತಡೆಯುತ್ತದೆ. ಬುಡನಸಾಬ ಇದನ್ನೆಲ್ಲ ವಿವರಿಸಿದ ಮೇಲೆ ಕಣ್ಣು ಕಿರಿದು ಮಾಡಿ, "ಓಡಸಾಕ ಬೇಕೋ ನಿಂದ್ರಿಸಾಕ ಬೇಕೋ, ಅದನ್ನ ಹೇಳ್ರಿ ಸಾವ್ಕಾರ್ರ" ಎಂದಿದ್ದ. ಎರಡಕ್ಕೂ ಎಂದು ಹೇಳಲು ಶಟ್ಟೆಪ್ಪನಿಗೆ ನಾಚಿಕೆಯಾಗಿತ್ತು. ಬುಡನಸಾಬನ ಒಲವು ಡ್ಯೂಕೋದ ಕಡೆಗೇ ಇತ್ತು. ಮಿರಜಿನಲ್ಲಿ ಕೆಲಸ ಕಲಿತವನು, ಬೈಲಹೊಂಗಲದಲ್ಲಿ ಲಾರಿಗಳ ಹಿಂದೆ ಹೂವು ಬರೆದು ಬರೆದು ಬೇಸತ್ತವನು, ಒಂದು ಕಾರಾದರೂ ತನ್ನ ಹೆಸರು ಹೇಳಿಕೊಂಡು ಬಜಾರದಲ್ಲಿ ಹಾಯಬೇಕೆಂದು ಅವನ ಆಸೆ. ಎಡಗಡೆಯ ಬಾಗಿಲಿಗೆ ಡ್ಯೂಕೋ ಹೊಡೆದು ತೋರಿಸುತ್ತೇನೆ, ಕಣ್ಣಿನಿಂದ ನೋಡಿ ಹೇಳಿರಿ ಎಂದ. ಹೊಡೆಯುವ ಮೊದಲು ಒಂದು ಮಾತು ಕೇಳಿದ: ಕೆಳಗೆ ಇರುವುದು ಯಾವ ಬಣ್ಣ? ಕಂಪನಿಯದೇ, ಮತ್ತೆ ಯಾರಾದರೂ ಹೊಡೆದದ್ದೇ? "ನನಗ ಗೊತ್ತಿಲ್ಲ, ಕಂಪನಿದ ಇರಬೇಕು" ಎಂದು ಶಟ್ಟೆಪ್ಪ ಹೇಳಿದ. ಅವನಿಗೆ ಗೊತ್ತಿತ್ತು. ಹಿಂದೊಮ್ಮೆ ಮಗಳು ಪದ್ಮವ್ವನನ್ನು ಕಿತ್ತೂರಿಗೆ ಕೊಟ್ಟಾಗ, ಮದುವಣಗಿತ್ತಿ ಕೂಡ್ರುವ ಕಾರು ಹಳತು ಕಾಣಬಾರದೆಂದು, ಅಂಗಡಿಗಳ ಬೋರ್ಡು ಬರೆಯುವವನನ್ನು ಕರೆಸಿ ಬಾಗಿಲು ಕಿಟಕಿಗೆ ಬಳಿಯುವ ಎಣ್ಣೆಬಣ್ಣವನ್ನು ಬ್ರಶ್ಶಿನಿಂದ ಬಳಿಸಿದ್ದ. ಹತ್ತಿರ ಹೋದರೆ ಬ್ರಶ್ಶಿನ ಗೆರೆ ಕಾಣುತ್ತಿದ್ದವು. ಬೀಗರಲ್ಲಿ ಒಬ್ಬರು ಕಾರಿಗೆ ಸಗಣಿ ಸಾರಿಸಿದ ಹಾಗೆ ಆಗಿದೆಯಲ್ಲ ಎಂದು ನಕ್ಕಿದ್ದರು. ಆ ನಗು ಇಷ್ಟು ವರ್ಷದ ಮೇಲೂ ಅವನ ಕಿವಿಯಲ್ಲಿತ್ತು. ಬುಡನಸಾಬನ ಮುಂದೆ ಅದನ್ನು ಹೇಳಿಕೊಳ್ಳಲು ನಾಲಿಗೆ ಏಳಲಿಲ್ಲ, ಅಷ್ಟೇ.

ನನಗೆ ಗೊತ್ತಿಲ್ಲ ಎಂಬ ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂದುಬಿಡುತ್ತದೆ. ಅಂಗಿ ತೊಟ್ಟು, ತಲೆಗೆ ಪಟಗ ಸುತ್ತಿಕೊಳ್ಳುತ್ತ, ಗೋಡೆಯ ಗೂಟಕ್ಕೆ ಇನ್ನೂ ತೂಗಿದ್ದ ಹೆಂಡತಿ ಸಿದ್ದಲಿಂಗವ್ವನ ಕೈಚೀಲವನ್ನು ನೋಡದ ಹಾಗೆ ನೋಡಿದ. ಅದರಲ್ಲಿ ಒಂದು ಮಡಿಸಿದ ಸೀರೆ, ವಿಭೂತಿಯ ಗಟ್ಟಿ ಇದ್ದವು. ದೊಡವಾಡಕ್ಕೆ ಹೋಗಲು ಅವಳು ಕಟ್ಟಿಟ್ಟಿದ್ದು. ಹೋದ ವರ್ಷದ ಚಳಿಯಲ್ಲಿ ಒಂದು ದಿನ ಪೂಜೆಯಿಂದ ಎದ್ದವಳು ಅವನ ಹತ್ತಿರ ಬಂದು, ಎಡ ಅಂಗೈ ಚಾಚಿ ತೋರಿಸಿದ್ದಳು. ಅವಳ ಲಿಂಗದ ಕಂತಿ ಒಂದು ಕಡೆಗೆ ಬಿರುಕು ಬಿಟ್ಟು, ಕೂದಲೆಳೆಯಂಥ ಗೆರೆ ಮೇಲಿನಿಂದ ಕೆಳಗೆ ಇಳಿದಿತ್ತು. ಒಳಗಿನ ಕಲ್ಲಿಗೇನೂ ಆಗಿಲ್ಲ, ಕಂತಿಯಷ್ಟೇ ಒಡೆದಿದೆ, ದೊಡವಾಡದ ಅಯ್ಯನವರ ಹತ್ತಿರ ಕರೆದುಕೊಂಡು ಹೋಗಿರಿ ಎಂದಳು. ಲಿಂಗವನ್ನು ಬೇರೆಯವರ ಕೈಯಲ್ಲಿ ಕೊಟ್ಟು ಕಳಿಸುವಂತಿಲ್ಲ. ಅದು ಮೈ ಬಿಟ್ಟು ಹೋಗಬಾರದು. ಅವಳೇ ಹೋಗಿ, ಅಯ್ಯನವರ ಎದುರು ಕುಳಿತು ಕಟ್ಟಿಸಿಕೊಂಡು ಬರಬೇಕು. ದೊಡವಾಡಕ್ಕೆ ಬಸ್ಸು ಇದ್ದೇ ಇತ್ತು. ಬಸ್ಸಿನಲ್ಲಿ ಬೇಡ, ಗರ್ದಿಯಲ್ಲಿ ನಿನ್ನ ಮೊಣಕಾಲು ನಿಲ್ಲುವುದಿಲ್ಲ, ಇಂಜಿನ್ನಿನ ಕೆಲಸ ಮುಗಿಯುತ್ತ ಬಂದಿದೆ, ಬಣ್ಣ ಒಂದು ಹೊಡೆಸಿ ನಮ್ಮ ಕಾರಿನಲ್ಲಿಯೇ ಹೋಗೋಣ ಎಂದು ಅವನು ಹೇಳಿದ. ಆಗ ಅವಳ ಮುಖ ಅರಳಿತ್ತು. ಅದೊಂದು ಅವನಿಗೆ ಸರಿಯಾಗಿ ನೆನಪಿದೆ, ಮುಖ ಅರಳಿತ್ತು. ಆಮೇಲೆ ಅವನು ಬಣ್ಣ ನೋಡಲು ಹೊರಟ. ಹುಬ್ಬಳ್ಳಿಗೆ ಹೋದ, ಬೆಳಗಾವಿಗೆ ಹೋದ, ಧಾರವಾಡದಲ್ಲಿ ಒಬ್ಬ ವಕೀಲರ ಕಾರಿನ ಮುಂದೆ ನಿಂತು ಅವರು ಕೋರ್ಟಿನಿಂದ ಬರುವವರೆಗೂ ಕಾದು, ಯಾವ ಬಣ್ಣ, ಯಾರು ಹೊಡೆದದ್ದು ಎಂದು ಕೇಳಿದ. ಮನೆಗೆ ಬಂದಾಗ ಅಂಗಿಯಲ್ಲಿ ತಿನ್ನರಿನ ವಾಸನೆ ಇರುತ್ತಿತ್ತು. ಬಾಳೆಹಣ್ಣು ಕೊಳೆತ ಹಾಗೆ ಸಿಹಿಸಿಹಿಯಾದ ಆ ವಾಸನೆ ಅವನಿಗೆ ಹಿತವೆನಿಸುತ್ತಿತ್ತು. ಡ್ಯೂಕೋ ಎಂದು ಮಲಗಿದವನು ಎನಾಮಲ್ ಎಂದು ಏಳುತ್ತಿದ್ದ. ಅವಳು ಎರಡನೆಯ ಸಲ ಕೇಳಿದಳೋ ಇಲ್ಲವೋ. ಕೇಳಿದ್ದಳು. ಬಣ್ಣದ ಮಾತಿನಲ್ಲಿ ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ. ಕಂತಿ ಕೂಡುವವರೆಗೆ ರೊಟ್ಟಿ, ಅನ್ನ, ಬೇಳೆ ಯಾವುದೂ ಉಣ್ಣಬಾರದೆಂಬುದು ಅವಳ ತವರಿನ ಕಟ್ಟಳೆ. ಅವಳು ಹಾಲು ಹಣ್ಣಿನ ಮೇಲೆ ಇದ್ದಳೆಂಬುದು ಅವನಿಗೆ ತಿಳಿದದ್ದು ಎಲ್ಲ ಮುಗಿದ ಮೇಲೆ, ಕೃಷ್ಣವ್ವನ ಅಳುವಿನ ನಡುವೆ. ದಿನಾಲು ಎದುರಿಗೇ ಬಡಿಸುತ್ತಿದ್ದ ಹೆಂಗಸು ತಾನು ಏನು ಉಣ್ಣುತ್ತಿದ್ದಾಳೆಂದು ಅವನು ಒಂದು ದಿನವೂ ಕೇಳಿರಲಿಲ್ಲ. ಮುಂಗಾರಿನ ಮೊದಲ ಮಳೆಗೆ ಜ್ವರ ಬಂತು. ಡಾಕ್ಟರು, ಮೈಯಲ್ಲಿ ತಡೆಯುವ ಶಕ್ತಿಯೇ ಇಲ್ಲ ಎಂದರು.

ಓಣಿಯ ಬಾಯಿಯಲ್ಲಿ, ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ರಾಮವ್ವ ನಾಲ್ಕು ಹೆಂಗಸರೊಂದಿಗೆ ಕುಳಿತು ಮೆಂತ್ಯಪಲ್ಲೆ ಸೋಸುತ್ತಿದ್ದಳು. ಅವನು ಹಾಯುವಾಗ ಮಾತು ನಿಲ್ಲಿಸಿ, ಸೆರಗು ಸರಿ ಮಾಡಿಕೊಂಡು, ಅವನು ಹಾದ ಮೇಲೆ ಮತ್ತೆ ಮಾತು ಹಚ್ಚಿದಳು. ಏನು ಮಾತೆಂದು ಅವನು ನಿಂತು ಕೇಳಬೇಕಾಗಿರಲಿಲ್ಲ. ಒಂದು ಕಾಲಕ್ಕೆ ಇದೇ ಕಟ್ಟೆಯ ಮೇಲೆ ಸಿದ್ದಲಿಂಗವ್ವ ಇದೇ ರಾಮವ್ವನಿಗೆ, ಪೂಜೆ ಇಲ್ಲದೆ ಚಹಾ ಕುಡಿಯುತ್ತೀಯಲ್ಲ ಎಂದು ನಾಲ್ಕು ಜನರ ಮುಂದೆ ಬುದ್ಧಿ ಹೇಳಿದ್ದಳು. ಸಿದ್ದಲಿಂಗವ್ವನ ಮಾತು ಕಟುವೇ. ತಪ್ಪು ಕಂಡರೆ ಸುಮ್ಮನಿರುವ ಜೀವವಲ್ಲ. ಈಗ ರಾಮವ್ವನಿಗೆ ಸಮಯ ಸಿಕ್ಕಿತ್ತು. "ಮಂದಿಗೆ ಆಚಾರ ಹೇಳಾಕಿ, ಒಡದ ಲಿಂಗ ಸೆರಗಿನ್ಯಾಗ ಮುಚ್ಚಿಕೊಂಡು ತಿರಗತಿದ್ಲು ನೋಡ್ರಿ" ಎಂದು ಅವಳು ಹೇಳಿದ್ದು ಓಣಿಯಲ್ಲಿ ಹರಡಿ, ಹಿಟ್ಟಿನ ಗಿರಣಿಯವರೆಗೂ ಹೋಗಿ, ಗಿರಣಿಯಿಂದ ಕೃಷ್ಣವ್ವನ ಬುಟ್ಟಿಯೊಂದಿಗೆ ಮನೆಗೆ ಬಂದಿತ್ತು. ಅದಕ್ಕೆ ಕಾರಣ ರಾಮವ್ವನಲ್ಲ. ಸಿದ್ದಲಿಂಗವ್ವನ ಮಣ್ಣಿನ ದಿನ, ಸಮಾಧಿಯ ಕುಣಿಯಲ್ಲಿ ಅವಳನ್ನು ಕೂಡ್ರಿಸಿ, ಎಡ ಅಂಗೈಯಲ್ಲಿ ಲಿಂಗ ಇಡಲು ಮಠದ ಅಯ್ಯನವರು ಕರಡಿಗೆ ಬಿಚ್ಚಿದರು. ಬಿರುಕು ಅಗಲವಾಗಿ, ಒಂದು ಚೆಕ್ಕೆ ಎದ್ದು ಒಳಗಿನ ಕಲ್ಲು ಕಾಣುತ್ತಿತ್ತು. ಅಯ್ಯನವರು ತಲೆಯೆತ್ತಿ, ಇದು ಯಾವಾಗ ಒಡೆಯಿತು, ಈ ತಾಯಿ ಯಾರಿಗೂ ಹೇಳಿರಲಿಲ್ಲವೇ ಎಂದು ಕೇಳಿದರು. ಸುತ್ತಲೂ ಓಣಿಯ ಜನ, ಬೀಗರು, ಸುರೇಬಾನದಿಂದ ಬಂದ ಹೆಂಡತಿಯ ತಂಗಿ ತಾಯವ್ವ. ಎಲ್ಲರೂ ಅವನ ಕಡೆ ನೋಡಿದರು. "ನನಗ ಗೊತ್ತಿದ್ದಿಲ್ಲರಿ" ಎಂದ ಶಟ್ಟೆಪ್ಪ. ಅವಳು ಎದುರಿಗೇ ಕುಳಿತಿದ್ದಳು. ಹಣೆಯ ತುಂಬ ವಿಭೂತಿ, ತುಸು ತೆರೆದ ತುಟಿ. ಅಯ್ಯನವರು ಚೆಕ್ಕೆ ಎದ್ದಲ್ಲಿ ವಿಭೂತಿ ಮೆತ್ತಿ, ಲಿಂಗವನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ತಾಯವ್ವ ಆಗ ಅವನನ್ನು ಒಂದೇ ಸಲ ನೋಡಿದಳು. ಅಂದಿನಿಂದ ಅವಳು ಬೈಲಹೊಂಗಲಕ್ಕೆ ಬಂದಿಲ್ಲ.

ಸಿದ್ದಲಿಂಗವ್ವನ ವರ್ಷದ ಪುಣ್ಯತಿಥಿಯ ಗಣಾರಾಧನೆ ಹತ್ತಿರ ಬಂದಿದೆ. ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದರೆ ತಾಯವ್ವನಿಂದ ಉತ್ತರವಿಲ್ಲ. ಕಾರು ತೆಗೆದುಕೊಂಡು ಹೋಗಿ ಬಾಗಿಲಲ್ಲಿ ನಿಲ್ಲಿಸಿದರೆ ಬರದೆ ಇದ್ದಾಳೆಯೇ ಎಂದುಕೊಂಡಿದ್ದ. ಆದರೆ ಎಂಥ ಕಾರು? ಡ್ಯೂಕೋ ಹೊಡೆಸಿ ಕನ್ನಡಿಯಂತೆ ಹೊಳೆಯುವುದನ್ನು ನಿಲ್ಲಿಸಿದರೆ, ಇದರ ಸಲುವಾಗಿ ನನ್ನ ಅಕ್ಕನನ್ನು ಕಾಯಿಸಿದಿರಲ್ಲವೇ ಎಂದು ಅವಳ ಕಣ್ಣು ಕೇಳುತ್ತವೆ. ಎನಾಮಲ್ಲೇ ಇರಲಿ, ಸಾದಾ ಇರಲಿ, ದುಃಖದಲ್ಲಿರುವ ಮನೆಯ ಕಾರಿನ ಹಾಗೆ ಇರಲಿ. ಹೀಗೆ ಯೋಚಿಸಿದಾಗ ಅವನಿಗೆ ತಾನು ಮತ್ತೆ ಹೊಳಪನ್ನೇ ಆರಿಸುತ್ತಿದ್ದೇನೆ ಎನಿಸಿತು. ಮಂದ ಬಣ್ಣದಲ್ಲಿ ತನ್ನ ದುಃಖ ಚೆನ್ನಾಗಿ ಕಾಣುತ್ತದೆ ಎಂದು ಆರಿಸುವವನಿಗೂ, ಬೀಗರಿಗೆ ಚೆನ್ನಾಗಿ ಕಾಣಲೆಂದು ಎಣ್ಣೆಬಣ್ಣ ಬಳಿಸಿದವನಿಗೂ ಏನು ವ್ಯತ್ಯಾಸ? ಶಿವನೇ, ಎಂದ. ಹತ್ತಿಯ ಗಿರಣಿಯ ಗೋಡೆಯ ನೆರಳು ಮುಗಿದು ಬಿಸಿಲು ಮುಖಕ್ಕೆ ಬಡಿಯಿತು.

ಬುಡನಸಾಬನ ಶೆಡ್ಡಿನ ಮುಂದೆ ಗದ್ದಲವಿತ್ತು. ಲಾರಿ ಡ್ರೈವರರು ಕೆಲವರು, ಹೊಸ ಲಾರಿಯ ಕ್ಯಾಬಿನ್ನಿಗೆ ಬಣ್ಣ ಹೊಡೆಸಲು ಬಂದ ನೀಲಪ್ಪ, ಎಲ್ಲರೂ ಕಾರಿನ ಎಡಗಡೆ ಬಗ್ಗಿ ನಿಂತು ನೋಡುತ್ತಿದ್ದರು. ಶಟ್ಟೆಪ್ಪನನ್ನು ಕಂಡು ದಾರಿ ಬಿಟ್ಟರು. ಬಾಗಿಲಿನ ಬಣ್ಣ ಸುಕ್ಕುಗಟ್ಟಿತ್ತು. ಕಾದಾರಿದ ಹಾಲಿನ ಕೆನೆಯನ್ನು ಬೆರಳಿನಿಂದ ಸರಿಸಿದ ಹಾಗೆ ಕರಿಯ ಬಣ್ಣ ಮುದುಡಿ, ಎದ್ದು, ನಡುನಡುವೆ ಬಿರಿದು, ಬಿರುಕಿನಲ್ಲಿ ಹಳೆಯ ಎಣ್ಣೆಬಣ್ಣ ಕೊಳಕು ಹಲ್ಲಿನಂತೆ ಇಣುಕುತ್ತಿತ್ತು. ಮೇಲಿನಿಂದ ಕೆಳಕ್ಕೆ ಇಳಿದ ಒಂದು ಬಿರುಕನ್ನು ನೋಡಿ ಶಟ್ಟೆಪ್ಪನ ಎಡ ಅಂಗೈ ತಾನಾಗಿಯೇ ಮಡಿಚಿಕೊಂಡಿತು. ಇಸಬು ಹತ್ತಿದೆ ಕಾರಿಗೆ, ಬೇವಿನ ತಪ್ಪಲು ಅರೆದು ಹಚ್ಚು ಬುಡನಸಾಬ ಎಂದು ಒಬ್ಬ ಡ್ರೈವರ ಹೇಳಿದ. ಮಿರಜಿನಲ್ಲಿ ಬಣ್ಣ ಕಲಿತೆಯೋ ಹಪ್ಪಳ ಲಟ್ಟಿಸುವುದು ಕಲಿತೆಯೋ ಎಂದು ಇನ್ನೊಬ್ಬ. ನಗದವನು ನೀಲಪ್ಪ ಒಬ್ಬನೇ. ನನ್ನ ಕ್ಯಾಬಿನ್ನು ಧಾರವಾಡಕ್ಕೇ ಒಯ್ಯುತ್ತೇನೆ, ಬೇಸರ ಮಾಡಿಕೊಳ್ಳಬೇಡ ಎಂದು ಮೆಲ್ಲಗೆ ಹೇಳಿದ. ಬುಡನಸಾಬ ದೊಡ್ಡ ಮೈಯವನು, ದೊಡ್ಡ ಮಾತಿನವನು. ಈಗ ಗನ್ನು ಹಿಡಿದ ಕೈ ಇಳಿಬಿಟ್ಟು, ತನ್ನದೇ ಶೆಡ್ಡಿನಲ್ಲಿ ಬೇರೆಯವರ ಮನೆಗೆ ಬಂದವನಂತೆ ನಿಂತಿದ್ದ. ಶಟ್ಟೆಪ್ಪನ ಮುಖ ನೋಡಿ, ತಿನ್ನರ್ ಹಳೆಯದಿರಬೇಕು, ಇಲ್ಲ ನನ್ನ ಕೈಯೇ ತಪ್ಪಿರಬೇಕು, ಏನಾಯಿತೋ ತಿಳಿಯುತ್ತಿಲ್ಲ ಎಂದ. "ತಪ್ಪಾತ್ರಿ ಸಾವ್ಕಾರ್ರ. ನಿಮ್ಮಂಥಾವರ ವಸ್ತು ಕೆಡಿಸಿದೆ. ಅಲ್ಲಾನ ಆಣಿ, ಹಿಂಗ ನನ್ನ ಕೈಲೆ ಎಂದೂ ಆಗಿದ್ದಿಲ್ಲ."

ಹೇಳು, ಎಂದು ಒಳಗಿನಿಂದ ಯಾರೋ ಅಂದಂತಾಯಿತು. ಶಟ್ಟೆಪ್ಪ ಬಾಯಿ ತೆರೆದ. ಎಲ್ಲರೂ ಅವನ ಕಡೆಗೆ ನೋಡುತ್ತಿದ್ದರು, ಅಂದು ನೋಡಿದ ಹಾಗೆಯೇ. "ಇರಲಿ, ಇರಲಿ" ಎಂದ. ದೊಡ್ಡ ಮನಸ್ಸಿನವರು ಎಂದು ಡ್ರೈವರರಲ್ಲಿ ಒಬ್ಬ ತಲೆಯಾಡಿಸಿದ. ಅವರೆಲ್ಲ ಚಹಾದ ಅಂಗಡಿಯ ಕಡೆಗೆ ನಡೆದರು. ನೀಲಪ್ಪ ಬುಡನಸಾಬನ ಭುಜ ಮುಟ್ಟಿ ಹೋದ. ಶೆಡ್ಡಿನಲ್ಲಿ ಇಬ್ಬರೇ ಉಳಿದರು. ಬುಡನಸಾಬ ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಉಗುರಿನಿಂದ ಸುಕ್ಕನ್ನು ಎತ್ತಿ, ಮೂಸಿ, ಮತ್ತೆ ಎತ್ತಿದ. ತನ್ನದೇ ಕೈಯನ್ನು ತಿರುವಿ ನೋಡಿಕೊಂಡ. ಅದನ್ನು ನೋಡಲಾರದೆ ಶಟ್ಟೆಪ್ಪ ಕಾರಿನ ಇನ್ನೊಂದು ಬದಿಗೆ ಹೋದ. ಅಲ್ಲಿ ಬಾಗಿಲು ಹಳೆಯ ಎಣ್ಣೆಬಣ್ಣದಲ್ಲಿಯೇ ಇತ್ತು, ಶೆಡ್ಡಿನ ಮಬ್ಬಿನಲ್ಲಿ ಅಡಗಿದ್ದ ಬ್ರಶ್ಶಿನ ಗೆರೆಗಳು ಓರೆ ಬಿಸಿಲಿಗೆ ಸ್ಪಷ್ಟ ಕಾಣುತ್ತಿದ್ದವು. ಸಿದ್ದಲಿಂಗವ್ವ ಆ ಗೆರೆಗಳ ಮೇಲೆ ಬೆರಳಾಡಿಸಿ, ನೇಗಿಲ ಸಾಲಿನ ಹಾಗೆ ಇವೆಯಲ್ಲ, ಛಂದ ಅವ ಎಂದದ್ದು ಎಂದೋ ಏನೋ. ಅವನು ಆಗ ಸಿಡುಕಿದ್ದ. ಕಾರಿನ ಮೇಲಿನಿಂದ, ಬುಡನಸಾಬನ ಟೋಪಿಯಷ್ಟೇ ಕಾಣುತ್ತಿರುವಾಗ, ಶಟ್ಟೆಪ್ಪ ಹೇಳಿಬಿಟ್ಟ. ಕೆಳಗೆ ಎಣ್ಣೆಬಣ್ಣ ಇತ್ತು. ಮಗಳ ಮದುವೆಯಲ್ಲಿ ಬಳಿಸಿದ್ದು. ನನಗೆ ಗೊತ್ತಿತ್ತು.

ಬುಡನಸಾಬ ಎದ್ದು ನಿಂತ. ಸಿಟ್ಟಿಗೇಳುತ್ತಾನೆಂದು ಶಟ್ಟೆಪ್ಪ ಕಾದ. ಎದ್ದರೆ ಒಳ್ಳೆಯದೆಂದೂ ಎನಿಸಿತು. ಆದರೆ ಅವನ ಮುಖದಲ್ಲಿ ಮೊದಲು ಬಂದದ್ದು ಸಮಾಧಾನ. ಎಣ್ಣೆಬಣ್ಣದ ಮೇಲೆ ಡ್ಯೂಕೋ ಬಿದ್ದರೆ ಏಳದೆ ಏನಾಗುತ್ತದೆ, ತಿನ್ನರ್ ಕೆಳಗಿಳಿದು ಕುದಿಸಿಬಿಡುತ್ತದೆ, ಹಾಗಾದರೆ ನನ್ನ ಕೈ ಕೆಟ್ಟಿಲ್ಲ ಎಂದು ನಗುತ್ತಲೇ ಹೇಳಿದ. ಆಮೇಲೆ ನಗು ನಿಂತಿತು. "ಅವರೆಲ್ಲ ನಿಂತು ನಗತಿದ್ದಾಗ ಹೇಳಬೇಕಾಗಿತ್ತಲ್ರಿ, ಸಾವ್ಕಾರ್ರ. ಈಗ ಈ ಗ್ವಾಡಿ ಮುಂದ ಹೇಳಿದ್ರಿ." ಶಟ್ಟೆಪ್ಪ ರಸ್ತೆ ದಾಟಿ ಚಹಾದ ಅಂಗಡಿಗೆ ಹೋದ. ಬೆಂಚಿನ ಮೇಲಿದ್ದವರು ಎದ್ದು ಜಾಗ ಮಾಡಿಕೊಟ್ಟರು. ನಿಂತುಕೊಂಡೇ ಹೇಳಿದ: ಬುಡನಸಾಬನ ತಪ್ಪಿಲ್ಲ, ಕೆಳಗಿನ ಬಣ್ಣದ ಸುದ್ದಿ ನಾನು ಮುಚ್ಚಿದ್ದೆ. ಅವರು ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟು ಹೇಳಲು ಬಿಸಿಲಲ್ಲಿ ಬರಬೇಕೇ ಎಂದು ಒಬ್ಬ ಚಹಾ ಮುಂದೆ ಹಿಡಿದ. ನೀಲಪ್ಪ ಮಾತ್ರ ಬಟ್ಟಲು ಕೆಳಗಿಟ್ಟು, "ಮೊದಲ ಯಾಕ ಹೇಳಲಿಲ್ರಿ ಮತ್ತ?" ಎಂದು ಕೇಳಿದ. ನಾಚಿಕೆಯಾಯಿತು ಎಂದ ಶಟ್ಟೆಪ್ಪ. ಯಾರೂ ನಗಲಿಲ್ಲ. ಶೆಡ್ಡಿಗೆ ಮರಳಿ ಬಂದು ಗೂಟಕ್ಕಿದ್ದ ಕೀಲಿಕೈ ತೆಗೆದುಕೊಂಡ. ಈ ಬಾಗಿಲು ಹೊತ್ತುಕೊಂಡು ಊರಲ್ಲಿ ಹೋದರೆ ನನ್ನ ಮಾನ ಹೋಗುತ್ತದೆ, ಎರಡು ದಿನ ಬಿಡಿರಿ ಎಂದು ಬುಡನಸಾಬ ಅಡ್ಡ ನಿಂತ. ಬಂದ ಮೇಲೆ ಎಲ್ಲ ಕೆರೆಯಿರಿ, ತಗಡು ಕಾಣುವವರೆಗೆ ಕೆರೆದು ಎನಾಮಲ್ ಹೊಡೆಯಿರಿ ಎಂದ ಶಟ್ಟೆಪ್ಪ. "ಓಡಸಾಕ ಬೇಕು, ಬುಡನಸಾಬ್ರ. ಈಗ ಬೇಕು."

ಸುರೇಬಾನಕ್ಕೆ ಹೊರಟವನು ಸವದತ್ತಿ ದಾಟಿ ರಾಮದುರ್ಗದ ದಾರಿ ಹಿಡಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಹರಗಿ ಬಿಟ್ಟ ಕರಿಯ ಹೊಲಗಳು ಎರಡೂ ಕಡೆ ಮಳೆಗೆ ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ಖಡಿ ಕಿತ್ತೆದ್ದ ರಸ್ತೆಯಲ್ಲಿ ಗಾಲಿಯಡಿಯಿಂದ ಕಲ್ಲು ಸಿಡಿದು ತಗಡಿಗೆ ಬಡಿಯುತ್ತಿದ್ದವು. ಹಿಂದೆಲ್ಲ ಒಂದೊಂದು ಕಲ್ಲಿಗೂ ಅವನ ಹಲ್ಲು ಕಚ್ಚಿಕೊಳ್ಳುತ್ತಿದ್ದವು. ಸಿದ್ದಲಿಂಗವ್ವ ಪಕ್ಕದಲ್ಲಿ ಕುಳಿತಿದ್ದರೆ, ನಿಮಗೇ ಬಡಿದ ಹಾಗೆ ಮಾಡುತ್ತೀರಿ ಎನ್ನುತ್ತಿದ್ದಳು. ಈಗ ಬಡಿಯಲಿ ಎನಿಸಿತು. ಕಾರು ಚೆನ್ನಾಗಿ ಓಡುತ್ತಿತ್ತು. ಇಷ್ಟು ಚೆನ್ನಾಗಿ ಓಡುವುದನ್ನು ಅವನು ತಿಂಗಳುಗಟ್ಟಲೆ ನಿಲ್ಲಿಸಿ ಇಟ್ಟಿದ್ದ. ದೊಡವಾಡ ಇದರ ಅರ್ಧ ದಾರಿಯೂ ಅಲ್ಲ. ಬಣ್ಣ ಇಲ್ಲದೆಯೂ ಹೋಗಬಹುದಾಗಿತ್ತು. ಈ ಮಾತು ಅವನಿಗೆ ಇಂದೇ ಮೊದಲು ತೋಚಿತೆಂದಲ್ಲ. ತೋಚಿದಾಗಲೆಲ್ಲ ಅವನು ಬೇರೆ ಕಡೆ ನೋಡಿದ್ದ. ಈಗ ರಸ್ತೆ ಬಿಟ್ಟು ಬೇರೆ ಕಡೆ ನೋಡುವಂತಿರಲಿಲ್ಲ. ತಾಯವ್ವನ ಮುಂದೆ ಹೇಳಿಬಿಟ್ಟರೆ ಮುಗಿಯಿತು, ಅವಳು ಬೈಯಲಿ, ಅಳಲಿ, ಆಮೇಲೆ ಗಣಾರಾಧನೆಗೆ ಬರಲಿ. ಅಷ್ಟು ಮಾಡಿಸು ತಂದೆ, ಎಂದು ಎದೆಯ ಮೇಲಿನ ಕರಡಿಗೆಯನ್ನು ಅಂಗಿಯ ಮೇಲಿನಿಂದಲೇ ಮುಟ್ಟಿಕೊಂಡ.

ಸುರೇಬಾನದಲ್ಲಿ ತಾಯವ್ವ ತನ್ನ ಮನೆಯ ಪಡಸಾಲೆಯಲ್ಲಿ ಬಿತ್ತುವ ಶೇಂಗಾ ಕಾಳು ಆರಿಸುತ್ತ ಕುಳಿತಿದ್ದಳು. ಬರ್ರಿ ಎಂದಳು. ಅದಕ್ಕಿಂತ ಹೆಚ್ಚು ಹೇಳದೆ, ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟು ಮತ್ತೆ ಕಾಳಿನ ಮುಂದೆ ಕುಳಿತಳು. ಅಕ್ಕನ ಹಣೆ, ಅಕ್ಕನ ಬೆರಳು. ಶಟ್ಟೆಪ್ಪ ನೀರು ಕುಡಿಯಲಿಲ್ಲ.

"ಕಂತಿ ಒಡದದ್ದು ನನಗ ಗೊತ್ತಿತ್ತು, ತಾಯವ್ವ. ಆಕಿ ನನಗ ಹೇಳಿದ್ಲು."

ತಾಯವ್ವನ ಬೆರಳು ನಿಲ್ಲಲಿಲ್ಲ. ಜೊಳ್ಳು ಒಂದು ಕಡೆ, ಗಟ್ಟಿ ಒಂದು ಕಡೆ ಬೀಳುತ್ತಿದ್ದವು. ತನಗೂ ಅಕ್ಕ ಹೇಳಿದ್ದಳು ಎಂದಳು. ಶಿವರಾತ್ರಿಗೆ ಬಂದಾಗ ತೋರಿಸಿದ್ದಳು. ನಡೆ, ನಾನೇ ಬಸ್ಸಿನಲ್ಲಿ ಕರೆದೊಯ್ಯುತ್ತೇನೆ ಎಂದು ತಾನು ಕರೆದರೆ ಅಕ್ಕ ಬೇಡ ಎಂದಿದ್ದಳು. ಅವರು ಕಾರಿನಲ್ಲಿ ಒಯ್ಯುತ್ತೇನೆ ಎಂದಿದ್ದಾರೆ, ಆಸೆಪಟ್ಟುಕೊಂಡು ಬಣ್ಣ ಹುಡುಕುತ್ತಿದ್ದಾರೆ, ನಾನು ಬಸ್ಸಿನಲ್ಲಿ ಹೋದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ ಎಂದಿದ್ದಳು. ಸೀರೆ ಸಹ ಮಡಿಸಿ ಇಟ್ಟಿದ್ದಳು. ತಾಯವ್ವನ ಧ್ವನಿಯಲ್ಲಿ ಅಳು ಇರಲಿಲ್ಲ. ಅವತ್ತು ಮಣ್ಣಿನಲ್ಲಿ ನೀವು ಅಂದ ಮಾತು ಸುಳ್ಳೆಂದು ತನಗೆ ತಿಳಿದಿತ್ತು, ಬೀಗರೆಲ್ಲ ನಿಂತಿದ್ದರು, ಅಕ್ಕನ ಗಂಡನ ಮರ್ಯಾದೆ ಎಂದು ತಾನೂ ಬಾಯಿ ಮುಚ್ಚಿಕೊಂಡು ನಿಂತೆ, ನಿಮ್ಮ ಮರ್ಯಾದೆ ಉಳಿಯಿತು, ಅಕ್ಕನದು ಹೋಯಿತು ಎಂದಳು. ಅಂದಿನಿಂದ ತನ್ನ ಪೂಜೆಯೂ ನೆಟ್ಟಗೆ ಆಗುತ್ತಿಲ್ಲ ಎಂದಳು. ಶಟ್ಟೆಪ್ಪ, ನನ್ನನ್ನು ಕ್ಷಮಿಸು ಎಂದು ಕೈ ಮುಗಿಯಹೋದ. ತಾಯವ್ವ ಆ ಕೈಗಳನ್ನು ನೋಡಿ ಮುಖ ತಿರುಗಿಸಿದಳು.

"ನನ್ನ ಮುಂದ ಹೇಳಿದ್ರ ಏನ ಬಂತು, ಮಾವಾರ? ಗೊತ್ತಿದ್ದಿಲ್ಲ ಅಂತ ಆವತ್ತ ಯಾರ ಮುಂದ ಅಂದ್ರಿ?"

ಹೊರಗೆ ಒಂದು ಬಸ್ಸು ರಾಮದುರ್ಗದ ಕಡೆಗೆ ಹೋಯಿತು. ಧೂಳು ಪಡಸಾಲೆಯವರೆಗೆ ಬಂದು ನೀರಿನ ತಂಬಿಗೆಯ ಮೇಲೆ ಕೂತಿತು. ತಾಯವ್ವ ಎದ್ದು, ಕಾಳನ್ನು ಚೀಲಕ್ಕೆ ತುಂಬಿ, ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬಂದಳು. ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ಪಕ್ಕದ ಮನೆಯವರ ಕೈಯಲ್ಲಿ ಕೊಟ್ಟಳು. ಇಂದು ಸೋಮವಾರ, ಸಂಜೆಗೆ ಬಸವಣ್ಣನ ಗುಡಿಯ ಮುಂದೆ ಓಣಿಯವರೆಲ್ಲ ಭಜನೆಗೆ ಕೂಡುತ್ತಾರಲ್ಲವೇ ಎಂದಷ್ಟೇ ಕೇಳಿದಳು. ಕಾರಿನ ಎಡಗಡೆ ಬಂದು ಬಾಗಿಲು ನೋಡಿ ನಿಂತಳು. ಇದಕ್ಕೇನಾಯಿತು ಎಂದು ಕೇಳಿದಾಗ, ಕೆಳಗಿನ ಬಣ್ಣ ಯಾವುದೆಂದು ನಾನು ಹೇಳಲಿಲ್ಲ ಎಂದ ಶಟ್ಟೆಪ್ಪ. ತಾಯವ್ವ ಒಂದು ಬಿರುಕಿನ ಮೇಲೆ ಬೆರಳಿಟ್ಟಳು. ಕರಿಯ ಚೆಕ್ಕೆ ಒಂದು ಕಳಚಿ ಅವಳ ಅಂಗೈಗೆ ಬಂತು. ಅದನ್ನು ಒಗೆಯದೆ, ಹಿಡಿದುಕೊಂಡೇ ಒಳಗೆ ಕುಳಿತಳು. ಬರುವಾಗ ಸವದತ್ತಿಯ ಗುಡ್ಡ ಕಾಣಿಸಿದಾಗ ತಾಯವ್ವ ಕೈಮುಗಿದಳು. ಶಟ್ಟೆಪ್ಪನಿಗೆ ಒಮ್ಮೊಮ್ಮೆ ಕಣ್ಣಂಚಿನಲ್ಲಿ ಸಿದ್ದಲಿಂಗವ್ವನೇ ಕುಳಿತಂತೆ ಕಂಡು, ತಿರುಗಿ ನೋಡಲು ಹೆದರಿಕೆಯಾಗುತ್ತಿತ್ತು. ಹೆಂಗಸರ ಮುಂದೆ, ರಾಮವ್ವನ ಮುಂದೆ, ತಾನು ಹೇಗೆ ಮೊದಲು ಮಾಡಬೇಕು? ಮಠದ ಅಯ್ಯನವರೂ ಇರಬಹುದು. ಮಾತುಗಳನ್ನು ಜೋಡಿಸಿ ನೋಡಿದ. ಕಾರಿನಲ್ಲಿ ಕರೆದೊಯ್ಯಬೇಕೆಂಬ ಪ್ರೀತಿಯಿಂದ ಎಂದು ಸೇರಿಸಿದ. ಅದು ಸುಳ್ಳಲ್ಲ. ಆದರೂ ಅದನ್ನು ಸೇರಿಸಿದ ಕೂಡಲೇ ಉಳಿದ ಮಾತೆಲ್ಲ ಪಾಲಿಶ್ ಹಾಕಿದ ಹಾಗೆ ಹೊಳೆಯತೊಡಗಿತು. ಅದನ್ನು ತೆಗೆದುಬಿಟ್ಟ.

ಬೈಲಹೊಂಗಲ ಮುಟ್ಟಿದಾಗ ಹೊತ್ತು ಇಳಿಯುತ್ತ ಬಂದಿತ್ತು. ಗುಡಿಯ ಮುಂದೆ ಚಾಪೆ ಹಾಸಿ, ತಾಳ ಒರೆಸಿ ಇಡುತ್ತಿದ್ದರು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಬೇವಿನ ಗಿಡದ ಬುಡಕ್ಕೆ. ಕಾರಿನ ಸದ್ದಿಗೆ ಎಲ್ಲರೂ ತಿರುಗಿದರು. ತಿಂಗಳುಗಟ್ಟಲೆ ಶೆಡ್ಡಿನಲ್ಲಿದ್ದ ಕಾರು ಓಣಿಗೆ ಬಂತೆಂದು ಕೆಲವರು ಎದ್ದೇ ಬಂದರು. ಶಟ್ಟೆಪ್ಪ ಇಂಜಿನ್ನು ಆರಿಸಿ ಇಳಿದ. ತಾಯವ್ವ ಇಳಿಯಲಿಲ್ಲ. ರಾಮವ್ವ ಸೆರಗಿನಿಂದ ಬಾಯಿ ಮರೆಮಾಡಿ, ಎಡಗಡೆಯ ಬಾಗಿಲನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಏನ್ರಿ ಶಟ್ಟೆಪ್ಪಾರ, ಇಷ್ಟ ದಿನ ಊರೂರು ತಿರುಗಿ ತಂದ ಬಣ್ಣ ಇದನ? ಬಾಗಲಕ್ಕೇನಾತ್ರಿ?"

ಕಟ್ಟೆಯ ಮೇಲೆ ನಗು ಎದ್ದಿತು. ಶಟ್ಟೆಪ್ಪ ಆ ನಗುವನ್ನು ಮುಗಿಯಗೊಟ್ಟ. ಪಟಗ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಬೆವೆತ ನೆತ್ತಿಗೆ ಗಾಳಿ ತಣ್ಣಗೆ ತಾಗಿತು. ಕೈ ಎದೆಯ ಮೇಲಿನ ಕರಡಿಗೆಯ ಕಡೆಗೆ ಹೋದದ್ದನ್ನು ತಾನೇ ಕೆಳಗಿಳಿಸಿದ.

"ಬಾಗಲದ್ದು ಆಮ್ಯಾಲ ಹೇಳತೇನಿ, ರಾಮವ್ವ" ಎಂದ. "ಮೊದಲ ಸಿದ್ದಲಿಂಗವ್ವಂದು ಹೇಳತೇನಿ. ಎಲ್ಲಾರೂ ಹಂತ್ಯಾಕ ಬರ್ರಿ."

ತಾಳ ಒರೆಸುವವರ ಕೈ ನಿಂತಿತು. ಅವನ ಹಿಂದೆ ಎಡಗಡೆಯ ಬಾಗಿಲು ತೆರೆದ ಸದ್ದಾಯಿತು. ತಾಯವ್ವ ಇಳಿದು, ಅವನ ಮಗ್ಗುಲಿಗೆ ಬಾರದೆ, ಹೆಂಗಸರ ನಡುವೆ ಹೋಗಿ ಕೇಳಲು ಕುಳಿತಳು.